ಮಗನ ಟಾನ್ಸಿಲ್ ಲ್ಯಾಬ್‌ಗೆ ಹೋದರೆ ಅಲ್ಲಿ ಏನಾಗುತ್ತದೆ?

ಪ್ರಶ್ನೆ: ನನ್ನ 9 ವರ್ಷದ ಮಗನಿಗೆ ಹುಬ್ಬಳ್ಳಿಯಲ್ಲಿ ಟಾನ್ಸಿಲ್ ಆಪರೇಷನ್ ಇದೆ. ತೆಗೆದ ಟಾನ್ಸಿಲನ್ನು ಕೆಲವು ಕಡೆ ಲ್ಯಾಬ್‌ನಲ್ಲಿ ಬೆಳೆಸಿ, ಅದಕ್ಕೇ ಲಸಿಕೆ ಹಾಕಿ ನೋಡುತ್ತಾರಂತೆ. ನಿಜವೇ? ಪ್ರಾಣಿಗಳ ಮೇಲೆ ನೋಡಿದರೆ ಸಾಲದೇ? ನಮ್ಮನ್ನು ಕೇಳಿದರೆ ಒಪ್ಪಬಹುದೇ?
— ಒಬ್ಬ ತಾಯಿ, ಗದಗ

ಉತ್ತರ: ನಿಜ ಅಕ್ಕಾ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಇದನ್ನು ಪ್ರಕಟಿಸಿತು. ಬಾಯಿ, ಮೂಗಿನಿಂದ ಬರುವ ರೋಗಾಣುಗಳನ್ನು ಗುರುತು ಹಿಡಿಯುವ ಬಿ ಕಣ, ಟಿ ಕಣ ಎಂಬ ಬಿಳಿ ರಕ್ತಕಣಗಳು ಟಾನ್ಸಿಲ್‌ನಲ್ಲಿ ಕಿಕ್ಕಿರಿದಿರುತ್ತವೆ. ಆಪರೇಷನ್ ಆದ ಮೇಲೆ ಸುಮ್ನೆ ಎಸೆಯುವ ಆ ತುಂಡನ್ನು ಬಿಡಿಸಿ, ಸೋಸಿ, ಕಣಗಳನ್ನು ಬೇರೆ ಮಾಡುತ್ತಾರೆ. ಪುಟ್ಟ ಬಟ್ಟಲಿನಲ್ಲಿ ಸಣ್ಣ ತೂತುಗಳಿರುವ ತೆಳು ಪೊರೆ ಇರುತ್ತದೆ. ಅದರ ಮೇಲೆ ಕಣಗಳನ್ನು ಒತ್ತೊತ್ತಾಗಿ ಬಿಡುತ್ತಾರೆ, ಕೆಳಗಿನಿಂದ ಪೋಷಕ ದ್ರವ. ಕೆಲವೇ ದಿನಗಳಲ್ಲಿ ಕಣಗಳು ತಾವಾಗಿಯೇ ಮತ್ತೆ ಗುಂಪುಗೂಡುತ್ತವೆ. ಫ್ಲೂ ಲಸಿಕೆ ಹಾಕಿದರೆ ಸುಮಾರು ಒಂದು ವಾರದಲ್ಲಿ ಆ ದ್ರವದಲ್ಲೇ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಂಡು ತಡೆಯಲು ಬಿ ಕಣಗಳು ತಯಾರಿಸುವ ಪ್ರೋಟೀನು, ಸಿಗುತ್ತದೆ.

ಇದರ ನಿಜವಾದ ಲಾಭ ಬೇರೆಯೇ ಇದೆ. ಸಹಾಯಕ ಟಿ ಕಣಗಳನ್ನು ಮೊದಲೇ ತೆಗೆದುಹಾಕಿ, ಅದೇ ಲಸಿಕೆ ಹಾಕಿ ನೋಡಬಹುದು. ಪ್ರತಿಕಾಯ ಬರದಿದ್ದರೆ, ಬಿ ಕಣಗಳಿಗೆ ಯಾರ ನೆರವು ತಪ್ಪಿತು ಅಂತ ಗೊತ್ತಾಯಿತಲ್ವಾ? ಬದುಕಿರುವ ಮಗುವಿನಲ್ಲಿ ಇದನ್ನು ಮಾಡಲು ಬರುತ್ತದೆಯೇ?

ಇನ್ನು ಪ್ರಾಣಿಗಳ ವಿಚಾರ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಎಂಬ ಔಷಧವನ್ನು 6 ಆರೋಗ್ಯವಂತರಿಗೆ ಕೊಟ್ಟರು. ಮಂಗಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಪ್ರಮಾಣ ಕೊಟ್ಟಾಗಲೂ ತೊಂದರೆ ಕಂಡಿರಲಿಲ್ಲ. ಇಲ್ಲಿ ಮಾತ್ರ ಕೆಲವೇ ಗಂಟೆಗಳಲ್ಲಿ ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ಔಷಧ ಹೋಗಿ ಕೂರುವ ಸಿಡಿ28 ಎಂಬ ಕೊಂಡಿ ಮನುಷ್ಯರ ಒಂದು ಬಗೆಯ ಟಿ ಕಣದ ಮೇಲಿದೆ, ಆ ಮಂಗಗಳ ಅದೇ ಕಣದ ಮೇಲಿಲ್ಲ ಎಂದು ಆಮೇಲೆ ತಿಳಿಯಿತು. ಮಂಗನಲ್ಲೇ ಹೀಗಾದರೆ ಇಲಿಯ ಮಾತೇನು? ಹಾಗಂತ ಬಟ್ಟಲಿನ ಟಾನ್ಸಿಲ್ ಇಡೀ ದೇಹವೂ ಅಲ್ಲ. ಅದಕ್ಕೆ ರಕ್ತದ ಓಟವಿಲ್ಲ, ಜ್ವರ ಬರುವುದಿಲ್ಲ, ಹೆಚ್ಚು ದಿನ ಬಾಳುವುದೂ ಇಲ್ಲ.

ಒಪ್ಪಬಹುದೇ ಎಂದರೆ, ನನ್ನ ಮಟ್ಟಿಗೆ ಒಪ್ಪಬಹುದು. ಸಂಶೋಧನೆಗೆಂದು ಜಾಸ್ತಿ ಕೊಯ್ಯುವುದಿಲ್ಲ ತಾನೇ, ಅದನ್ನು ಮೊದಲೇ ಡಾಕ್ಟರನ್ನು ಕೇಳಿ. ನಿಮ್ಮ ಲಿಖಿತ ಒಪ್ಪಿಗೆ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ 9 ವರ್ಷದ ಮಗನಿಗೂ ತಿಳಿಯುವ ಹಾಗೆ ಹೇಳಿ, ಅವನನ್ನೂ ಕೇಳಬೇಕು. ಮಾದರಿಯ ಮೇಲೆ ಅವನ ಹೆಸರು ಇರುತ್ತದೋ, ಬರೀ ಸಂಕೇತ ಸಂಖ್ಯೆಯೋ, ವಿಚಾರಿಸಿ. ಬೇಡ ಅನ್ನಿಸಿದರೆ ಬೇಡ ಅನ್ನಿ. ಆಪರೇಷನ್‌ಗೆ ಅದರಿಂದ ಏನೂ ಅಡ್ಡಿ ಬರಬಾರದು.