ಕಸದ ಗಾಡಿ ಒಡಂಬಡಿಕೆ: ಸಹಿಗೆ ಮುಂಚೆ

ಅಕ್ಕಾ, ಕುಮಟಾ ಬದಿಯ ನಿಮ್ಮ ಪಂಚಾಯ್ತಿಯವರು ಕಸದ ಗಾಡಿ, ವಿಂಗಡಣೆ ಶೆಡ್ಡು ಎರಡನ್ನೂ ನಿಮ್ಮ ಸಂಜೀವಿನಿ ಒಕ್ಕೂಟಕ್ಕೆ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ, ವಹಿಸ್ತಾರಂತೆ, ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಿ. ಆದರೆ ದುಡ್ಡಿನ ಸಾಲುಗಳನ್ನು ಎರಡೆರಡು ಸಲ ಓದಿ.

ಡೀಸೆಲ್, ವಿಮೆ, ರಿಪೇರಿ ಯಾರದ್ದು? ‘ಒಕ್ಕೂಟವೇ ನೋಡಿಕೊಳ್ಳತಕ್ಕದ್ದು’ ಅಂತಿದ್ದರೆ ಒಪ್ಪಲೇಬೇಡಿ. ಶುರುವಿಗೆ ಮನೆಗಳಿಂದ ಶುಲ್ಕ ಸರಿಯಾಗಿ ಬರುವುದಿಲ್ಲ, ಒಣಕಸ ಮಾರಿದ್ದರಲ್ಲಿ ಸಂಬಳ ಹುಟ್ಟುವುದಿಲ್ಲ. ಕೊರತೆ ಪಂಚಾಯ್ತಿಯೇ ತುಂಬಬೇಕು, ಎಷ್ಟನೇ ತಾರೀಖಿನೊಳಗೆ ಅಂತಲೂ ಬರೆಸಿ. ಅನುದಾನವೇ ಇಲ್ಲ ಅಂತ ರಾಗ ಎಳೆದರೆ, 15ನೇ ಹಣಕಾಸು ಆಯೋಗ 2021–26ಕ್ಕೆ ಪಂಚಾಯ್ತಿಗಳಿಗೆ ಕೊಟ್ಟಿದ್ದರಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು, ಕ್ರಿಯಾಯೋಜನೆ ತೋರಿಸಿ ಅನ್ನಿ. ಜಗಳ ಬೇಡ, ಕೇಳಿದರೆ ಸಾಕು.

ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ವರ್ಗವಾದರೆ ಅವರ ಬಾಯಿಮಾತೂ ವರ್ಗ. ಸಾಮಾನ್ಯ ಸಭೆಯ ಠರಾವಿನ ನಕಲು ನಿಮ್ಮ ಫೈಲಿನಲ್ಲಿರಲಿ. ಹೋಟೆಲ್, ಮೀನುಪೇಟೆಯ ಹಸಿಕಸಕ್ಕೆ ಬೇರೆ ದರ ಬರೆಸಿ. ಬಳಚಿನ ಚಿಪ್ಪು, ಸಿಗಡಿ ಸಿಪ್ಪೆ ಹೊರುವವರು ನೀವೇ ತಾನೆ.

ಲೈಸೆನ್ಸ್ ಇಬ್ಬರಿಗೆ ಮಾಡಿಸಿ. ಒಬ್ಬಳೇ ಚಾಲಕಿಯಾದರೆ ಅವಳ ಮನೆಯಲ್ಲಿ ಮದುವೆ ಬಂತೆಂದರೆ ಊರೆಲ್ಲ ಕಸ. ಇನ್ನು ಶೆಡ್ಡು: ಕಡಲ ಕಡೆಯಿಂದ ಇರಚಲು ಹೊಡೆದು ರಟ್ಟು ನೆನೆದರೆ ಗುಜರಿಯವನು ಮುಟ್ಟುವುದಿಲ್ಲ. ಪಡುವಣ ಬದಿಗೆ ತಗಡು ಹಾಕಿಸಿಕೊಂಡೇ ಬೀಗದ ಕೈ ತಗೊಳ್ಳಿ.