ಪೆನ್ನು ಹಿಡಿದರೆ ನಿದ್ದೆ ಬರುವ ತಿಂಗಳುಗಳು

ಬಸುರಿ, ಮೂರನೇ ತಿಂಗಳು, ಪೆನ್ನು ಹಿಡಿದರೆ ನಿದ್ದೆ, ಕಥೆ ಅರ್ಧಕ್ಕೇ ನಿಂತಿದೆ ಅಂದಿರಲ್ಲ, ಅದು ಸೋಮಾರಿತನ ಅಲ್ಲ. ಈಗ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಏರುತ್ತದೆ, ತೂಕಡಿಕೆ ತರುತ್ತದೆ. ವಾಂತಿ, ಸುಸ್ತು ಹೆಚ್ಚಿನವರಿಗೆ 12ರಿಂದ 16 ವಾರದ ಹೊತ್ತಿಗೆ ತಗ್ಗುತ್ತವೆ.

ನಾನು ಬಸುರಿಯಾಗಿದ್ದಾಗ ಚಿಕ್ಕಮಗಳೂರಿನಲ್ಲಿ ಆಗಷ್ಟೇ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದಿತ್ತು. ಕಾಫಿ ಹೂವಿನ ಘಮಕ್ಕೆ ಪ್ರಾಣ ಬಿಡುತ್ತಿದ್ದವಳು ನಾನು. ಆ ಸಲ ಕಿಟಕಿ ತೆಗೆದರೆ ಹೊಟ್ಟೆ ತೊಳಸುತ್ತಿತ್ತು! ಬರೆದದ್ದು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ, ದಿನಕ್ಕೆ ಎರಡು ಸಾಲು. ಒಂದು ದಿನ ಬರೀ ‘ಮಾವಿನಕಾಯಿ ಬೇಕು’.

ಕಥೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಹೊಳೆದದ್ದನ್ನು ಮಲಗಿಕೊಂಡೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಿದ್ದೆ ತಡೆಯೋಕೆ ಅಂತ ಕಾಫಿ ಜಾಸ್ತಿ ಮಾಡಬೇಡಿ, ಅದರಲ್ಲಿರುವ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟಬಾರದು. ನಮ್ಮೂರಲ್ಲಿ ಇದೇ ಕಷ್ಟ ಅಲ್ವಾ! ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ ಮಾತ್ರ ಇವತ್ತೇ ಡಾಕ್ಟರ್ ಹತ್ತಿರ ಹೋಗಿ.