ಬೆಸ್ಟ್ ಫ್ರೆಂಡ್ ಟೂ ಬಿಟ್ಟಿದಾಳೆ, ಏನ್ಮಾಡ್ಲಿ?

ಪ್ರಶ್ನೆ: ನಮಸ್ತೆ ಮೇಡಂ. ದೊಡ್ಡ ಮಗಳಿಗೆ 7 ವರ್ಷ, ಎರಡನೇ ಕ್ಲಾಸು. ಎಲ್‌ಕೆಜಿಯಿಂದ ಜೊತೆಗಿದ್ದ ಫ್ರೆಂಡು ಈಗ ಇನ್ನೊಬ್ಳ ಜೊತೆ ಸೇರ್ಕೊಂಡು ಇವಳಿಗೆ ಟೂ ಬಿಟ್ಟಿದಾಳಂತೆ, ಒಂದು ವಾರದಿಂದ ಮನೆಗೆ ಬಂದು ಅಳ್ತಾಳೆ. ಆ ಹುಡುಗಿ ಅಮ್ಮನಿಗೆ ಫೋನ್ ಮಾಡ್ಲಾ? ಚಿಕ್ಕವನಿಗೆ 3 ವರ್ಷ, ಅಂಗನವಾಡೀಲಿ ಎಲ್ರ ಮಧ್ಯೆ ಇದ್ರೂ ಒಬ್ನೇ ಆಡ್ಕೊಂಡಿರ್ತಾನೆ. ಇವನು ಯಾರ ಜೊತೆಗೂ ಬೆರೆಯಲ್ಲ ಅಂತ ಅತ್ತೆಗೆ ಚಿಂತೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಚಿಕ್ಕವನದ್ದು ಮೊದ್ಲು ಹೇಳ್ತೀನಿ. ಮೂರು ವರ್ಷಕ್ಕೆ ಹಾಗೆ ಆಡೋದು ಸಹಜ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ನರ್ಸರಿ ಮಕ್ಕಳ ಆಟ ಗಮನಿಸಿ 1932ರಲ್ಲೇ ಇದನ್ನ ಬರೆದಿದ್ರು, ಸಣ್ಣ ಮಕ್ಕಳು ಪಕ್ಕಪಕ್ಕ ಕೂತು ಒಂದೇ ಥರದ ಆಟ ಆಡ್ತಾರೆ ಆದ್ರೆ ಒಟ್ಟಿಗೆ ಆಡಲ್ಲ, ನೀನು ಡ್ರೈವರ್ ನಾನು ಕಂಡಕ್ಟರ್ ಅಂತ ಹಂಚ್ಕೊಂಡು ಆಡೋದು ಆಮೇಲೆ ಬರುತ್ತೆ. ನಮ್ಮ ಬೀದಿ ಮಕ್ಕಳಿಗೆ ಇದು ಮೊದಲಿಂದ ಗೊತ್ತು, ಪುಟಾಣಿಗಳನ್ನ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ಸೇರಿಸ್ಕೊಳ್ತಾರಲ್ಲ, ಔಟಾಗೋ ಭಯ ಇಲ್ದೆ ನೋಡ್ತಾ ನೋಡ್ತಾ ಆಟ ಕಲಿಯೋಕೆ ಅಷ್ಟು ಒಳ್ಳೆ ಜಾಗ ಬೇರೆ ಇಲ್ಲ. ಸಂಜೆ ಅಕ್ಕನ ಜೊತೆ ಕಳಿಸಿ. ಆದ್ರೆ ಹೆಸರು ಕರೆದ್ರೆ ತಿರುಗಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ, ಮಾತು ತೀರಾ ಕಮ್ಮಿ ಅಂತಿದ್ರೆ ಮಾತ್ರ ಕಾಯ್ಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಈಗ ಮಗಳ ವಿಷಯ. ಫೋನ್ ಖಂಡಿತ ಮಾಡ್ಬೇಡಿ. ಅಮ್ಮಂದಿರ ಮಧ್ಯೆ ಮಾತು ಬೆಳೆದ್ರೆ ಮಕ್ಕಳು ಎರಡು ದಿನಕ್ಕೆ ರಾಜಿ ಆದ್ರೂ ನೀವಿಬ್ರು ಆಗಿರಲ್ಲ.

ಐದು ವರ್ಷದ ಮಗೂಗೆ ಫ್ರೆಂಡ್ ಅಂದ್ರೆ ಈಗ ಪಕ್ಕದಲ್ಲಿ ಆಡ್ತಿರೋರು, ಅಷ್ಟೇ. ಏಳೆಂಟಕ್ಕೆ ಲೆಕ್ಕಾಚಾರ ಶುರು, ನಾನು ಸ್ಕೆಚ್‌ಪೆನ್ ಕೊಟ್ಟೆ ಅವಳು ಎರೇಸರ್ ಕೊಡ್ಲಿಲ್ಲ, ಅದಕ್ಕೇ ಟೂ. ಜಗಳ ಆದ್ರೂ ಫ್ರೆಂಡ್‌ಶಿಪ್ ಉಳಿಯುತ್ತೆ, ಗುಟ್ಟು ಹೇಳಿದ್ರೆ ಕಾಪಾಡ್ತಾಳೆ, ಇಂಥ ನಂಬಿಕೆ ಸಾಮಾನ್ಯವಾಗಿ ಹತ್ತು ಹನ್ನೊಂದರ ಆಸುಪಾಸಲ್ಲಿ ಗಟ್ಟಿಯಾಗುತ್ತೆ. ಹಾಗಂತ ನಿಮ್ಮ ಮಗಳ ನೋವು ಸಣ್ಣದಲ್ಲ ಕಣ್ರೀ, ಎಲ್‌ಕೆಜಿಯಿಂದ ಅಂದ್ರೆ ಅವಳ ಅರ್ಧ ಆಯಸ್ಸು! "ಅವಳನ್ನ ಬಿಡು, ಬೇರೆ ಫ್ರೆಂಡ್ ಮಾಡ್ಕೋ" ಅನ್ಬೇಡಿ. ತಲೆ ಬಾಚುವಾಗಲೋ ಊಟ ಹಾಕುವಾಗಲೋ ಏನಾಯ್ತು ಅಂತ ಕೇಳಿ, ಪೂರ್ತಿ ಹೇಳೋಕೆ ಬಿಡಿ, ತೀರ್ಪು ಕೊಡ್ಬೇಡಿ. ಆ ಫ್ರೆಂಡಿಗೆ ಯಾಕೆ ಹಾಗನ್ಸಿರ್ಬಹುದು ಅನ್ನೋದನ್ನೂ ಒಮ್ಮೆ ಕೇಳಿ, ಇನ್ನೊಬ್ರ ಕಡೆಯಿಂದ ಯೋಚಿಸೋದು ಈ ವಯಸ್ಸಲ್ಲಿ ಚೆನ್ನಾಗಿ ಬೆಳೀತಿರುತ್ತೆ.

ಇನ್ನೊಂದು ಕಲಿಸಬಹುದಾದ ವಿಷ್ಯ ಇದೆ, ನಡೀತಿರೋ ಆಟಕ್ಕೆ ಸೇರೋದು. ಕುಂಟೆಬಿಲ್ಲೆ ನಡೀತಿದೆ ಅಂದ್ಕೊಳ್ಳಿ, ಮಧ್ಯ ನುಗ್ಗಿ "ನನ್ನೂ ಸೇರಿಸ್ಕೊಳ್ಳಿ" ಅಂದ್ರೆ ಎಷ್ಟೋ ಸಲ "ಇಲ್ಲ ಹೋಗು" ಅಂತಾರೆ. ಸುಲಭವಾಗಿ ಸೇರೋ ಮಕ್ಕಳು ಸ್ವಲ್ಪ ಹೊತ್ತು ನಿಂತು ನೋಡ್ತಾರೆ, ದೂರ ಹಾರಿದ ಬಿಲ್ಲೆ ತಂದ್ಕೊಡ್ತಾರೆ, ಗೆರೆ ಅಳಿಸಿದ್ರೆ ಬರೀತಾರೆ, ಆಮೇಲೆ "ನೆಕ್ಸ್ಟ್ ನಂದಾ?" ಅಂತಾರೆ. ಮನೇಲಿ ನೀವೇ ಆಡಿ ತೋರಿಸಿ. ಭಾನುವಾರ ಕ್ಲಾಸಿನ ಬೇರೆ ಒಬ್ಬ ಹುಡುಗೀನ ಮಂಡಕ್ಕಿ ಮಿರ್ಚಿಗೆ ಕರೀರಿ. ಒಬ್ಳನ್ನೇ ಕರೀರಿ, ಮೂವರಾದ್ರೆ ಮತ್ತೆ ಇಬ್ರು ಒಂದಾಗಿ ಒಬ್ಳು ಹೊರಗೆ ಉಳೀತಾಳೆ.

ಇದೇ ಟೂ ಮುಂದಕ್ಕೂ ಎಳೀತಾ ಹೋದ್ರೆ, ಗುಂಪು ಕಟ್ಕೊಂಡು ಅಡ್ಡಹೆಸರಿಟ್ಟು ಕಾಡಿಸ್ತಿದ್ರೆ, ಸ್ಕೂಲ್ ಟೈಮಿಗೆ ಸರಿಯಾಗಿ ಹೊಟ್ಟೆನೋವು ಬರ್ತಿದ್ರೆ, ಆಗ ಅದು ಮಕ್ಕಳ ಜಗಳ ಅಲ್ಲ. ಕ್ಲಾಸ್ ಟೀಚರನ್ನ ನೇರ ಹೋಗಿ ನೋಡಿ, ಊಟದ ಬಿಡುವಲ್ಲಿ ಇವಳು ಯಾರ ಜೊತೆ ಕೂರ್ತಾಳೆ ಅಂತ ಒಂದು ವಾರ ಗಮನಿಸೋಕೆ ಹೇಳಿ.